ಚಳಿ ರಾತ್ರಿ ಹಕ್ಕಿ ಯಾಕೆ ಜೂಜಾಡುತ್ತೆ

ಜುಲೈ ತಿಂಗಳ ಒಂದು ಬೆಳಿಗ್ಗೆ, ಕಾರವಾರದಲ್ಲಿ ಮಳೆ ಅಂದ್ರೆ ಹೇಗಿರುತ್ತೆ ಅಂತ ಗೊತ್ತಿರೋರಿಗೆ ಗೊತ್ತು, ಆಕಾಶ ಸಮುದ್ರ ಎರಡೂ ಒಂದೇ ಬಣ್ಣ, ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಬೇರೆ ಇತ್ತು, ಆಗ ನಮ್ಮ ಓಣಿಯ ಕೊನೇ ಮನೆಯವರು ಪಾತಿ ದೋಣಿ ನೀರಿಗೆ ಇಳಿಸ್ತಾ ಇದ್ರು. ನಾನು ಛತ್ರಿ ಹಿಡ್ಕೊಂಡು ಬಸ್ಸಿಗೆ ಹೊರಟಿದ್ದೆ. "ಇವತ್ತು ಬೇಡಿ ಅಣ್ಣ, ಅಲರ್ಟ್ ಇದೆ" ಅಂದೆ. ಅವರು ಬಲೆ ಸರಿ ಮಾಡ್ತಾ ತಲೆ ಎತ್ತದೇನೇ ಹೇಳಿದ್ರು, "ಹೋಗ್ದೆ ಇದ್ರೆ ಹ್ಯಾಂಗೆ ಅಕ್ಕೋರೆ, ನಾಳೆ ಸೊಸೈಟಿ ಕಂತು."

ಸಂಜೆ ತಿರುಗಿ ಬಂದ್ರು, ಏನೂ ಆಗ್ಲಿಲ್ಲ. ಆದ್ರೆ ಓಣಿಯಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು, ಮಳೆಗಾಲದಲ್ಲಿ ಮೀನಿಗೆ ರೇಟ್ ಜಾಸ್ತಿ ಅಲ್ವಾ, ದುರಾಸೆ ಅಂತ. ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಒಂದು ವಿಷಯ ತಲೇಲಿ ಕೊರೀತಾನೇ ಇತ್ತು, ಇದೇ ಮನುಷ್ಯ ಡಿಸೆಂಬರ್‌ನಲ್ಲಿ ಸಮುದ್ರ ತಟ್ಟೆ ಹಾಗೆ ಇರುವಾಗ, ದೇವಗಡದ ದೀಪಸ್ತಂಭ ದಾಟಿ ಹೋದ್ರೆ ಒಳ್ಳೆ ಇಸವಾಣ ಸಿಗಬಹುದು ಅಂತ ಯಾರಾದ್ರೂ ಕರೆದ್ರೂ ಹೋಗೋದಿಲ್ಲ. ಇಲ್ಲೇ ದಡದ ಹತ್ರ ಬಲೆ ಹಾಕಿ ಸಿಕ್ಕ ಬಂಗಡೆ ತಗೊಂಡು ಮಧ್ಯಾಹ್ನ ಊಟಕ್ಕೆ ಮನೇಲಿ ಇರ್ತಾರೆ. ಶಾಂತ ಸಮುದ್ರದಲ್ಲಿ ಹಿಂಜರಿಯೋ ಮನುಷ್ಯ ಹುಚ್ಚು ಸಮುದ್ರಕ್ಕೆ ಇಳೀತಾನೆ ಅಂದ್ರೆ ಇದು ಆಸೆಬುರುಕತನ ಹೇಗಾಗುತ್ತೆ? ಸ್ವಭಾವ ಆಗಿದ್ರೆ ಡಿಸೆಂಬರ್‌ನಲ್ಲೂ ಕಾಣಬೇಕಿತ್ತಲ್ಲ. ಇದಕ್ಕೆ ಉತ್ತರ ಹುಡುಕ್ತಾ ಹೋದಾಗ ನನಗೆ ಸಿಕ್ಕಿದ್ದು ಹಕ್ಕಿಗಳು, ದುಂಬಿಗಳು, ಮಂಗಗಳು. ವಿಜ್ಞಾನ ಪಾಠ ಮಾಡೋಳಾಗಿ ಇದನ್ನ ನಾನು ತುಂಬಾ ಮೊದಲೇ ಓದಬೇಕಿತ್ತು ಅನ್ನಿಸ್ತು.

ಮೊದಲು ಲೆಕ್ಕ ನೋಡೋಣ. ನಿಮ್ಮ ಮುಂದೆ ಎರಡು ದಾರಿ ಇದೆ ಅಂದ್ಕೊಳ್ಳಿ. ಒಂದರಲ್ಲಿ 800 ರೂಪಾಯಿ ಖಾತ್ರಿ. ಇನ್ನೊಂದರಲ್ಲಿ ನಾಣ್ಯ ಚಿಮ್ಮೋದು, ರಾಜ ಬಿದ್ರೆ 1600, ರಾಣಿ ಬಿದ್ರೆ ಬರಿಗೈ. ತುಂಬಾ ದಿನ ಆಡ್ತಾ ಹೋದ್ರೆ ಎರಡೂ ದಾರೀಲಿ ಸರಾಸರಿ ಒಂದೇ. ಹಾಗಿದ್ರೆ ಯಾವುದಾದ್ರೇನು? ಆದ್ರೆ ನಿಮ್ಮಲ್ಲಿ ಹೆಚ್ಚಿನೋರು ಈಗಾಗ್ಲೇ ಮನಸ್ಸಲ್ಲಿ 800 ತಗೊಂಡಾಗಿದೆ, ಅಲ್ವಾ? ಸರಾಸರಿ ಒಂದೇ ಇದ್ರೂ ಏರುಪೇರು ಇರೋದನ್ನ ಬಿಟ್ಟು ಖಾತ್ರಿ ಇರೋದನ್ನ ಹಿಡಿಯೋದು, ಇದಕ್ಕೆ ರಿಸ್ಕ್‌ಗೆ ಹಿಂಜರಿಯೋದು ಅಂತಾರೆ. ಏರುಪೇರನ್ನೇ ಹುಡುಕಿ ಹೋಗೋದು ರಿಸ್ಕ್‌ಗೆ ಒಲಿಯೋದು. ಇಲ್ಲಿ ರಿಸ್ಕ್ ಅಂದ್ರೆ ಜೀವಕ್ಕೆ ಅಪಾಯ ಅಂತ ಮಾತ್ರ ಅರ್ಥ ಅಲ್ಲ, ಫಲ ಎಷ್ಟು ಸಿಗುತ್ತೆ ಅನ್ನೋದು ಗಟ್ಟಿ ಇಲ್ಲ ಅಂತ. ಇದೊಂದು ಮಾತು ನೆನಪಿಟ್ಕೊಂಡ್ರೆ ಮುಂದಿನದೆಲ್ಲ ಸಲೀಸು.

ಖಾತ್ರಿಯನ್ನ ಯಾಕೆ ಹಿಡೀತೀವಿ ಅಂತ ಸರಿಯಾಗಿ ಹೇಳಿದವರು ಡೇನಿಯಲ್ ಬರ್ನೌಲಿ, 1738ರಲ್ಲಿ. ರೂಪಾಯಿ ಎಷ್ಟು ಅನ್ನೋದು ಬೇರೆ, ಆ ರೂಪಾಯಿಯಿಂದ ನಿಮಗಾಗೋ ಉಪಯೋಗ ಎಷ್ಟು ಅನ್ನೋದು ಬೇರೆ ಅಂದ್ರು ಅವರು. ಹಸಿದವನ ಬಟ್ಟಲಿಗೆ ಬಿದ್ದ ಮೊದಲ ಬಂಗಡೆಗೆ ಇರೋ ಬೆಲೆ ಐದನೇ ಬಂಗಡೆಗೆ ಇಲ್ಲ. ಮೊದಲ 800 ರೂಪಾಯಿಯಲ್ಲಿ ಮನೆಯ ಅಕ್ಕಿ, ಎಣ್ಣೆ, ಮಗುವಿನ ಔಷಧ ಬಂತು, ಎರಡನೇ 800ರಲ್ಲಿ ಬಂದದ್ದು ಅಷ್ಟು ತುರ್ತಿನದಲ್ಲ. ಹಾಗಾಗಿ ಎರಡನೇ 800 ಗೆಲ್ಲೋ ಆಸೆಗೆ ಮೊದಲ 800 ಪಣಕ್ಕಿಡೋದು ನಷ್ಟದ ವ್ಯಾಪಾರ. ಸರಳ ಮಾತು, ಆದ್ರೆ ಅರ್ಥಶಾಸ್ತ್ರ ಇದರ ಮೇಲೆ 200 ವರ್ಷಕ್ಕಿಂತ ಜಾಸ್ತಿ ಬದುಕಿದೆ.

ಇದು ಬರೀ ಮನುಷ್ಯರ ಬುದ್ಧಿ ಅಂದ್ಕೊಂಡ್ರೆ ತಪ್ಪು. ಬಂಬಲ್‌ಬೀ ಅಂತ ದಪ್ಪ ದುಂಬಿ ಇದೆ, ತಣ್ಣನೆ ದೇಶಗಳಲ್ಲಿ ಹೆಚ್ಚು. 1981ರಲ್ಲಿ ಲೆಸ್ಲಿ ರಿಯಲ್ ಅನ್ನೋ ವಿಜ್ಞಾನಿ ಅವಕ್ಕೆ ಅಂತ ನಕಲಿ ಹೂ ಮಾಡಿದ್ರು, ಕೆಲವು ನೀಲಿ, ಕೆಲವು ಹಳದಿ. ಒಂದು ಬಣ್ಣದ ಹೂ ಪ್ರತಿಯೊಂದರಲ್ಲೂ 2 ಮೈಕ್ರೋಲೀಟರ್ ಸಿಹಿರಸ. ಇನ್ನೊಂದು ಬಣ್ಣದಲ್ಲಿ ಮೂರು ಹೂವಿಗೆ ಒಂದರಲ್ಲಿ 6 ಮೈಕ್ರೋಲೀಟರ್, ಉಳಿದೆರಡು ಖಾಲಿ. ಲೆಕ್ಕ ಹಾಕಿ, ಸರಾಸರಿ ಒಂದೇ. ದುಂಬಿಗಳು ಸ್ವಲ್ಪ ಹೊತ್ತು ಎರಡನ್ನೂ ರುಚಿ ನೋಡಿ ಆಮೇಲೆ ಹೆಚ್ಚಾಗಿ ಹೋಗಿದ್ದು ಖಾತ್ರಿ ರಸದ ಹೂವಿಗೆ. ಬಣ್ಣ ಅದಲುಬದಲು ಮಾಡಿದ್ರೆ ದುಂಬೀನೂ ಬಣ್ಣ ಬದಲಾಯಿಸ್ತು. ಸಾಸಿವೆ ಕಾಳಿನಷ್ಟು ದೊಡ್ಡ ಮಿದುಳು ಸಹ ಇಲ್ಲದ ಜೀವಿ, ಸರಾಸರಿಯಾಚೆಗೆ ಏರುಪೇರನ್ನೂ ಗಮನಿಸುತ್ತೆ ಅನ್ನೋದು ನನಗೆ ಇವತ್ತಿಗೂ ಮೈ ಜುಮ್ ಅನ್ನಿಸೋ ಸಂಗತಿ.

ಈಗ ನಮ್ಮ ಜುಲೈ ಬೆಳಗಿನ ಪ್ರಶ್ನೆಗೆ ಬರೋಣ. ಖಾತ್ರಿ ಹಿಡಿಯೋದೇ ಜೀವಿಗಳ ಗುಣ ಆದ್ರೆ ಅಣ್ಣ ಯಾಕೆ ದೋಣಿ ಇಳಿಸಿದ್ರು?

ಜಂಕೋ ಅಂತ ಒಂದು ಹಕ್ಕಿ. ಅಮೆರಿಕಾದ ಅರಿಝೋನಾ, ಮೆಕ್ಸಿಕೋ ಕಡೆ ಇರೋದು, ನಮ್ಮ ಗುಬ್ಬಚ್ಚಿ ಅಷ್ಟೇ ಗಾತ್ರ, ಹಳದಿ ಕಣ್ಣು. ಥಾಮಸ್ ಕರಾಕೋ ಮತ್ತು ಜೊತೆಯವರು 1980ರಲ್ಲಿ ಇವುಗಳ ಮುಂದೆ ಎರಡು ಜಾಗದಲ್ಲಿ ಕಾಳು ಇಟ್ರು, ಒಂದು ಕಡೆ ಯಾವಾಗ್ಲೂ ಅಷ್ಟೇ ಕಾಳು, ಇನ್ನೊಂದು ಕಡೆ ಒಮ್ಮೆ ಜಾಸ್ತಿ ಒಮ್ಮೆ ಏನೂ ಇಲ್ಲ. ಹೊಟ್ಟೆಪಾಡು ಸರಿಯಾಗಿ ಸಾಗ್ತಾ ಇದ್ದಾಗ ಹಕ್ಕಿ ಖಾತ್ರಿ ಕಡೆ ಹೋಯ್ತು. ತುಂಬಾ ಹೊತ್ತು ಉಪವಾಸ ಇಟ್ಟು, ಸಿಗೋ ಕಾಳು ಸಾಕಾಗದ ಹಾಗೆ ಮಾಡಿದಾಗ ಅದೇ ಜಾತಿಯ ಹಕ್ಕಿ ಜೂಜಿನ ಕಡೆ ತಿರುಗ್ತು. ಮುಂದೆ 1990ರಲ್ಲಿ ಬರೀ ಚಳಿ ಬದಲಾಯಿಸಿ ನೋಡಿದ್ರು. 19 ಡಿಗ್ರಿಯಲ್ಲಿ ಹಕ್ಕಿ ಖಾತ್ರಿ ಆರಿಸ್ತು, 1 ಡಿಗ್ರಿಗೆ ಇಳಿಸಿದ್ರೆ ಜೂಜು ಆರಿಸ್ತು.

ಯಾಕೆ ಅಂತ ಸ್ವಲ್ಪ ನಿಧಾನ ನೋಡಿ, ಇಡೀ ವಿಷಯದ ಗುಟ್ಟು ಇಲ್ಲೇ ಇದೆ. ಸಣ್ಣ ಹಕ್ಕಿಗೆ ಚಳಿ ರಾತ್ರಿ ಅಂದ್ರೆ ಒಂದು ಪರೀಕ್ಷೆ. ಕತ್ತಲಾದ್ಮೇಲೆ ತಿನ್ನೋಕಾಗಲ್ಲ, ಮೈ ಬೆಚ್ಚಗಿಡೋಕೆ ಹಗಲು ತಿಂದದ್ದೇ ಸುಡಬೇಕು, ಅದು ಮುಗಿದ್ರೆ ಬೆಳಗಾಗೋದ್ರೊಳಗೆ ಸಾವು. ಉದಾಹರಣೆಗೆ ಇವತ್ತು ರಾತ್ರಿ ದಾಟೋಕೆ ಇನ್ನೂ 12 ಕಾಳು ಬೇಕು ಅಂತಿಟ್ಕೊಳ್ಳಿ. ಖಾತ್ರಿ ಜಾಗದಲ್ಲಿ ಕತ್ತಲೊಳಗೆ 10 ಸಿಗುತ್ತೆ. ಜೂಜಿನ ಜಾಗದಲ್ಲಿ 20 ಸಿಗಬಹುದು, ಸೊನ್ನೆಯೂ ಆಗಬಹುದು, ಅರ್ಧಕ್ಕರ್ಧ. ಸರಾಸರಿ ಎರಡೂ 10. ಆದ್ರೆ ಖಾತ್ರಿ 10 ತಿಂದ ಹಕ್ಕಿ ಖಾತ್ರಿಯಾಗೇ ಸಾಯುತ್ತೆ! ಜೂಜಾಡಿದ ಹಕ್ಕಿಗೆ ಅರ್ಧ ಪಾಲು ಬದುಕೋ ಅವಕಾಶ ಇದೆ. ಅದೇ ಬೆಚ್ಚಗಿನ ರಾತ್ರಿ 8 ಕಾಳು ಸಾಕು ಅಂತಾದ್ರೆ? 10 ಖಾತ್ರಿ ತಿಂದವ ಪೂರ್ತಿ ಬದುಕ್ತಾನೆ, ಜೂಜಿಗೆ ಹೋದವ ಅರ್ಧ ಪಾಲು ಸಾವಿಗೆ ತಲೆ ಕೊಟ್ಟ ಹಾಗೆ. ಹಕ್ಕಿ ಅದೇ, ಕಾಳು ಅದೇ, ಸರಾಸರಿ ಅದೇ. ಬದಲಾಗಿದ್ದು ಒಂದೇ, ಸಂಜೆಯೊಳಗೆ ದಾಟಲೇಬೇಕಾದ ಗೆರೆ ಎಲ್ಲಿದೆ ಅನ್ನೋದು.

ಇದನ್ನ ಓದಿದ ದಿನ ನನಗೆ ಸೊಸೈಟಿ ಕಂತು ಕಣ್ಣಿಗೆ ಕಟ್ಟಿದ ಹಾಗಾಯ್ತು. ಅವರಿಗೆ ಆ ಕಂತೇ ಗೆರೆ. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಿಷೇಧ, ಸಾಂಪ್ರದಾಯಿಕ ದೋಣಿಗೆ ಆ ನಿಷೇಧ ಇಲ್ಲ ನಿಜ, ಆದ್ರೆ ಆ ತೆರೆಯಲ್ಲಿ ಪಾತಿ ದೋಣಿಗೆ ಎಷ್ಟು ದಿನ ಸಿಗುತ್ತೆ ಹೇಳಿ. ಬೇಸಿಗೇಲಾದ್ರೆ ಅವರ ಹೆಂಡತಿ, ನಾವೆಲ್ಲ ಅಕ್ಕ ಅಂತೀವಿ, ಇಳಿತದ ಹೊತ್ತಿಗೆ ಕಾಳಿ ನದಿ ಅಳಿವೆಗೆ ಹೋಗಿ ಸೊಂಟದ ಮಟ್ಟ ನೀರಲ್ಲಿ ನಿಂತು ಕಾಲಲ್ಲೇ ತಡಕಿ ಬೆಳಚು ಅನ್ನೋ ಚಿಪ್ಪುಮೀನು ತೆಗೀತಾರೆ. ದೊಡ್ಡ ದುಡ್ಡಲ್ಲ, ಆದ್ರೆ ಖಾತ್ರಿ ದುಡ್ಡು, ಲೆಸ್ಲಿ ರಿಯಲ್‌ರ ಆ 2 ಮೈಕ್ರೋಲೀಟರ್ ಹೂವಿನ ಹಾಗೆ. ಮಳೆಗಾಲದಲ್ಲಿ ನದಿ ಕೆಂಪಾಗಿ ತುಂಬಿ ಹರಿಯುವಾಗ ಆ ಬುಟ್ಟಿಯೂ ಖಾಲಿ. ಅಂದ್ರೆ ಸಮುದ್ರ ಅತಿ ಅಪಾಯಕಾರಿ ಆಗಿರೋ ಹೊತ್ತಲ್ಲೇ ಖಾತ್ರಿಯ ದಾರಿ ಮುಚ್ಚಿ ಹೋಗಿರುತ್ತೆ. ದಡದಲ್ಲಿ ಸಿಗೋ ಚೂರುಪಾರು ಕಂತಿಗೆ ಸಾಕಾಗಲ್ಲ. ಆಗ ಮನುಷ್ಯ ಎಂತ ಮಾಡ್ತಾನೆ? 1 ಡಿಗ್ರಿ ಚಳಿಯ ಜಂಕೋ ಮಾಡಿದ್ದನ್ನೇ ಮಾಡ್ತಾನೆ.

ಹಾಗಂತ ಈ ಒಂದು ನಿಯಮ ಎಲ್ಲ ಜೀವಿಗೂ ಸರಿಹೋಗುತ್ತೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಆಮೇಲೆ ಮೀನು, ಇಲಿ, ಬೇರೆ ಬೇರೆ ಹಕ್ಕಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಕೆಲವು ಕಡೆ ಹೊಂದಿದೆ, ಎಷ್ಟೋ ಕಡೆ ಹೊಂದಿಲ್ಲ. ಅಲೆಕ್ಸ್ ಕಾಸೆಲ್ನಿಕ್ ಅವರು ಸ್ಟಾರ್ಲಿಂಗ್ ಅನ್ನೋ ಹಕ್ಕಿ ಇಟ್ಕೊಂಡು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ, ಅವರ ಮತ್ತು ಬೇರೆಯವರ ಕೆಲಸದಿಂದ ಗೊತ್ತಾದ ಇನ್ನೊಂದು ವಿಚಾರ ತುಂಬಾ ಮುಖ್ಯ. ಫಲದ ಪ್ರಮಾಣ ಏರುಪೇರು ಇದ್ರೆ ಪ್ರಾಣಿಗಳು ಹೆಚ್ಚಾಗಿ ಹಿಂಜರೀತಾವೆ, ಆದ್ರೆ ಕಾಯೋ ಸಮಯ ಏರುಪೇರು ಇದ್ರೆ ಅದಕ್ಕೆ ಓಡಿ ಹೋಗ್ತಾವೆ. ಅಂದ್ರೆ ಒಂದು ಕಡೆ ಪ್ರತಿ ಸಲ ಅಷ್ಟೇ ಸೆಕೆಂಡ್ ಕಾದು ಊಟ, ಇನ್ನೊಂದು ಕಡೆ ಒಮ್ಮೆ ತಕ್ಷಣ ಊಟ, ಒಮ್ಮೆ ತುಂಬಾ ಹೊತ್ತು ಕಾಯಬೇಕು. ಹಕ್ಕಿ ಎರಡನೇದನ್ನೇ ಹಿಡಿಯುತ್ತೆ, ಆ "ತಕ್ಷಣ" ಅನ್ನೋದು ಉಳಿದೆಲ್ಲ ಕಾಯುವಿಕೆಯನ್ನ ಮರೆಸಿಬಿಡುತ್ತೆ. ಇದನ್ನ ಒಂದು ಕಡೆ ತೆಗೆದಿಟ್ಟುಕೊಳ್ಳಿ, ಮೊಬೈಲ್ ವಿಷಯ ಬಂದಾಗ ಬೇಕಾಗುತ್ತೆ.

ಚಿಂಪಾಂಜಿ ಮತ್ತು ಬೊನೊಬೊ ವಿಷಯವನ್ನೂ ಇಲ್ಲೇ ಹೇಳಿಬಿಡ್ತೀನಿ. ಎರಡೂ ಹತ್ತಿರದ ದಾಯಾದಿಗಳು, ಆದ್ರೆ 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚಿಂಪಾಂಜಿಗಳು ಜೂಜನ್ನ ಹೆಚ್ಚು ಆರಿಸಿದ್ವು, ಬೊನೊಬೊಗಳು ಖಾತ್ರಿಯನ್ನ. ಕಾಡಲ್ಲಿ ಚಿಂಪಾಂಜಿಯ ಊಟ ಹೆಚ್ಚು ಅನಿಶ್ಚಿತ, ಬೇಟೆಗೂ ಹೋಗುತ್ತೆ, ಬೊನೊಬೊಗೆ ಆಹಾರ ಅಷ್ಟು ಕೈಕೊಡಲ್ಲ ಅನ್ನೋದು ಸಂಶೋಧಕರು ಕೊಟ್ಟ ವಿವರಣೆ. ನಮ್ಮ ಜಿಲ್ಲೆಯಲ್ಲೂ ಕರಾವಳಿಯವರು ಧೈರ್ಯಸ್ಥರು, ಘಟ್ಟದ ಮೇಲಿನವರು ಲೆಕ್ಕಾಚಾರದವರು ಅನ್ನೋ ಮಾತಿದೆ. ನಾನು ಒಪ್ಪಲ್ಲ. ಘಟ್ಟದ ಮೇಲಿನ ರಿಸ್ಕ್ ಬೇರೆ ರೂಪದ್ದು, ದಡದಲ್ಲಿ ನಿಂತು ನೋಡಿದ್ರೆ ಕಾಣಲ್ಲ ಅಷ್ಟೇ.

ನಮ್ಮ ಶಾಲೇಲಿ ಶಿರಸಿ ಕಡೆಯ ಮಾಸ್ತರೊಬ್ಬರಿದ್ದಾರೆ, ಮನೇಲಿ ಅಡಿಕೆ ತೋಟ. ಅಡಿಕೆಗೆ ಮಳೆಗಾಲದ ದೊಡ್ಡ ಶತ್ರು ಕೊಳೆ ರೋಗ. ಅದಕ್ಕೆ ಬೋರ್ಡೋ ಹೊಡೀಬೇಕು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ಮಳೆ ಹಿಡಿಯೋ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಮತ್ತೊಂದು ಸಲ. ಮದ್ದಿನ ಖರ್ಚಿಗಿಂತ ಮರ ಹತ್ತೋರ ಕೂಲಿ ದೊಡ್ಡದು, ಮತ್ತೆ ಎರಡನೇ ಸಲಕ್ಕೆ ಮಳೆ ಬಿಡುವು ಕೊಡಬೇಕು. ಹೊಡೆದ್ರೆ ಖರ್ಚು ಖಾತ್ರಿ. ಹೊಡೀದಿದ್ರೆ ಆ ದುಡ್ಡು ಉಳೀಬಹುದು, ಇಲ್ಲಾಂದ್ರೆ ಕಾಯಿ ಎಲ್ಲ ಉದುರಿ ಮರದ ಬುಡದಲ್ಲಿ ಬೀಳಬಹುದು. ಮಾಸ್ತರು ಹೇಳಿದ್ದು ಕೇಳಿ, "ಕೈಯಲ್ಲಿ ದುಡ್ಡಿದ್ದ ವರ್ಷ ಎರಡೂ ಸಲ ತಪ್ಪದೇ ಹೊಡ್ಸಿದ್ದೆ. ಆಯಿಗೆ ಆಪರೇಷನ್ ಆದ ವರ್ಷ ಎರಡನೇ ಮದ್ದು ಬಿಟ್ಟೆ, ಮಳೆ ಕಮ್ಮಿ ಆಗ್ತು ಹೇಳಿ ನಂಬ್ಕೊಂಡೆ." ಮಳೆ ಕಡಿಮೆಯಾಗುತ್ತೆ ಅಂತ ನಂಬೋಕೆ ಆ ವರ್ಷ ಅವರಿಗೆ ಯಾವ ಕಾರಣವೂ ಇರಲಿಲ್ಲ, ದುಡ್ಡಿರಲಿಲ್ಲ ಅಷ್ಟೇ. ಕೊರತೆ ಮೊದಲು ಬಂತು, ನಂಬಿಕೆ ಆಮೇಲೆ ಅದರ ಹಿಂದೆ ಬಂತು.

ಮನುಷ್ಯರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹಕ್ಕಿಗೆ ಗೆರೆ ಎಳೆಯೋದು ಚಳಿ. ನಮಗೆ ಗೆರೆ ಎಳೆಯೋದು ಮನಸ್ಸು. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು 1979ರಲ್ಲಿ ತೋರಿಸಿದ್ದು ಇದನ್ನೇ. ಅವರು ಜನರಿಗೆ ಕೇಳಿದ್ರು, 3000 ಖಾತ್ರಿ ಬೇಕಾ, ಇಲ್ಲ ನೂರಕ್ಕೆ 80 ಪಾಲು 4000 ಸಿಗೋ ಅವಕಾಶ ಬೇಕಾ? ನೂರಕ್ಕೆ 80 ಜನ ಖಾತ್ರಿ 3000 ಅಂದ್ರು. ಅದೇ ಪ್ರಶ್ನೆ ತಿರುಗಿಸಿದ್ರು, 3000 ಖಾತ್ರಿ ಕಳ್ಕೋತೀರಾ, ಇಲ್ಲ ನೂರಕ್ಕೆ 80 ಪಾಲು 4000 ಕಳ್ಕೊಳ್ಳೋ, 20 ಪಾಲು ಏನೂ ಕಳ್ಕೊಳ್ಳದೇ ಇರೋ ಜೂಜು ಆಡ್ತೀರಾ? ಈಗ ನೂರಕ್ಕೆ 92 ಜನ ಜೂಜು ಅಂದ್ರು. ಲಾಭದಲ್ಲಿ ಹಿಂಜರಿಯೋ ನಾವು ನಷ್ಟದಲ್ಲಿ ಜೂಜುಕೋರರು. ಜೊತೆಗೆ ಕಳ್ಕೊಂಡ ನೋವು ಅಷ್ಟೇ ಗಳಿಸಿದ ಖುಷಿಗಿಂತ ಸುಮಾರು ಎರಡು ಪಟ್ಟು ತೂಗುತ್ತೆ ಅಂತ ಅವರ ಮುಂದಿನ ಲೆಕ್ಕ, 1992ರ ಲೇಖನದಲ್ಲಿ 2.25 ಅಂತ ಕೊಟ್ಟಿದ್ದಾರೆ. 2002ರಲ್ಲಿ ಕಾನೆಮನ್‌ಗೆ ನೊಬೆಲ್ ಬಂತು, ಟ್ವೆರ್ಸ್ಕಿ ಅಷ್ಟರಲ್ಲಿ ತೀರಿಕೊಂಡಿದ್ರು.

ಇದರಲ್ಲಿ ನಿಜವಾಗಿ ಕಣ್ಣು ತೆರೆಸೋದು ಅಂದ್ರೆ, ಯಾವುದು ಲಾಭ ಯಾವುದು ನಷ್ಟ ಅನ್ನೋದು ಜೇಬಲ್ಲಿಲ್ಲ, ನೀವು ಎಲ್ಲಿಂದ ಅಳೀತೀರಿ ಅನ್ನೋದರಲ್ಲಿದೆ. ಚಾಲಿ ಅಡಿಕೆ ಮೂಟೆ ಕಟ್ಟಿ ಅಟ್ಟದ ಮೇಲಿಟ್ಟವರನ್ನ ಕೇಳಿ ನೋಡಿ. ಇವತ್ತಿನ ರೇಟಿಗೆ ಕೊಟ್ರೆ ಖರ್ಚು ಕಳೆದು ಕೈಗೆ ಒಳ್ಳೇ ದುಡ್ಡೇ ಬರುತ್ತೆ, ಆದ್ರೆ ಎರಡು ತಿಂಗಳ ಹಿಂದೆ ಇದ್ದ ರೇಟು ಮನಸ್ಸಲ್ಲಿ ಮೊಳೆ ಹೊಡೆದು ಕೂತಿರುತ್ತೆ, ಆ ಮೊಳೆಯಿಂದ ಅಳೆದ್ರೆ ಇದು ನಷ್ಟ. ನಷ್ಟ ಅಂತಾದ ಕೂಡ್ಲೇ ನಾವು ಆ 92ರ ಪೈಕಿ ಸೇರಿಬಿಡ್ತೀವಿ, "ಹಿಂದಿನ ರೇಟಾದ್ರೂ ಬರ್ಲಿ" ಅಂತ ಇಟ್ಕೊಂಡು ಕೂರ್ತೀವಿ. ಅದೇ ಅಡಿಕೆ, ಅದೇ ರೇಟು, ಮೊನ್ನೆ ಕೆಳಗಿಂದ ಏರಿ ಬಂದಿದ್ರೆ ಖುಷಿಯಿಂದ ಮಾರ್ತಿದ್ವಿ.

ಮಂಗಗಳೂ ಹೀಗೇ ಅಂದ್ರೆ ನಂಬ್ತೀರಾ? ಅಮೆರಿಕಾದ ಯೇಲ್ ವಿಶ್ವವಿದ್ಯಾಲಯದಲ್ಲಿ ಕ್ಯಾಪುಚಿನ್ ಮಂಗಗಳಿಗೆ ಬಿಲ್ಲೆ ಕೊಟ್ಟು ಸೇಬಿನ ಹೋಳು ಕೊಳ್ಳೋದು ಕಲಿಸಿದ್ರು, 2006ರಲ್ಲಿ ಬಂದ ಕೆಲಸ ಇದು. ಒಬ್ಬ ವ್ಯಾಪಾರಿ ಒಂದು ಹೋಳು ತೋರಿಸಿ ಕೆಲವೊಮ್ಮೆ ಮೇಲೊಂದು ಸೇರಿಸಿ ಕೊಡ್ತಾನೆ. ಇನ್ನೊಬ್ಬ ಎರಡು ತೋರಿಸಿ ಕೆಲವೊಮ್ಮೆ ಒಂದನ್ನ ಹಿಂದೆ ತಗೋತಾನೆ. ಕೊನೆಗೆ ಕೈಗೆ ಬರೋ ಸರಾಸರಿ ಒಂದೇ. ಮಂಗಗಳು ಮೊದಲನೇ ವ್ಯಾಪಾರಿ ಹತ್ರಾನೇ ಸಾಲು. ನಮ್ಮ ಮೀನು ಮಾರ್ಕೆಟ್ಟಿನ ಹೆಂಗಸರಿಗೆ ಇದನ್ನ ಯಾರೂ ಕಲಿಸಬೇಕಾಗಿಲ್ಲ. ಪಾಲು ಹಾಕುವಾಗ 10 ತಾರ್ಲೆ ಇಟ್ಟು, ಚೌಕಾಸಿ ಮಾಡಿದ ಮೇಲೆ ಕೊಸರು ಅಂತ ಎರಡು ಎತ್ತಿ ಹಾಕ್ತಾರೆ, ನಾವು ನಗ್ತಾ ಚೀಲ ಹಿಡೀತೀವಿ. 14 ಇಟ್ಟು ಎರಡು ವಾಪಸ್ ತೆಗೆದ್ರೆ ಅಲ್ಲಿ ಜಗಳ, 12ರ ಲೆಕ್ಕ ಎರಡೂ ಕಡೆ ಒಂದೇ ಆದ್ರೂನೂ.

ಈಗ ಸ್ವಲ್ಪ ಭಾರದ ವಿಷಯ. ಅಪಾಯ ಎಷ್ಟು ಅಂತ ನಮಗೆ ಗೊತ್ತಾಗೋದು ಎರಡು ದಾರೀಲಿ, ಯಾರಾದ್ರೂ ಹೇಳಿ, ಇಲ್ಲ ನಾವೇ ಅನುಭವಿಸಿ. 2004ರಲ್ಲಿ ರಾಲ್ಫ್ ಹರ್ಟ್‌ವಿಗ್ ಮತ್ತು ಜೊತೆಯವರು ತೋರಿಸಿದ ಪ್ರಕಾರ ಈ ಎರಡು ದಾರಿ ನಮ್ಮನ್ನ ಎರಡು ದಿಕ್ಕಿಗೆ ಒಯ್ಯುತ್ತೆ. ಅಪರೂಪದ ಘಟನೆಯನ್ನ ಅಂಕಿಯಲ್ಲಿ ಬರೆದು ಕೊಟ್ರೆ ಅದಕ್ಕೆ ಇರೋದಕ್ಕಿಂತ ಜಾಸ್ತಿ ತೂಕ ಕೊಡ್ತೀವಿ, ಲಾಟರಿ ಕೊಳ್ಳೋದು ಇದಕ್ಕೇ. ಅದನ್ನೇ ನಾವಾಗಿ ಸಲ ಸಲ ಮಾಡಿ ಕಲಿತ್ರೆ ಅಪರೂಪದ್ದಕ್ಕೆ ಇರೋದಕ್ಕಿಂತ ಕಡಿಮೆ ತೂಕ ಕೊಡ್ತೀವಿ, ಯಾಕಂದ್ರೆ ಹೆಚ್ಚಿನ ಸಲ ಅದು ಆಗಿರೋದೇ ಇಲ್ಲ. 20 ಸಲ ಅಲರ್ಟ್ ಇದ್ದಾಗ ಹೋಗಿ ಬಂದವನಿಗೆ 20 ಸಲವೂ ಸಮುದ್ರ ಬಿಟ್ಟು ಕೊಟ್ಟಿದೆ. ಅವನ ಅನುಭವ ಅವನಿಗೆ ಸುಳ್ಳು ಹೇಳ್ತಿಲ್ಲ, ಪೂರ್ತಿ ಹೇಳ್ತಿಲ್ಲ ಅಷ್ಟೇ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಅಲೆ ನೋಡಿದವರು ಒಂದೆರಡು ವರ್ಷ ಹೆದರಿದ್ರು, ಆಮೇಲೆ ಶಾಂತ ದಿನಗಳು ಒಂದರ ಮೇಲೊಂದು ಸೇರಿ ಆ ಹೆದರಿಕೆ ತೆಳುವಾಗ್ತಾ ಬಂತು.

2019ರ ಜನವರಿ 21 ಕಾರವಾರದವರು ಯಾರೂ ಮರೆಯಲ್ಲ. ಕೂರ್ಮಗಡ ದ್ವೀಪದ ಜಾತ್ರೆಯಿಂದ ವಾಪಸ್ ಬರುವಾಗ ದೋಣಿ ಮಗುಚಿ ಎಷ್ಟು ಮನೆಗಳ ದೀಪ ಆರಿತು. ವರ್ಷಾವರ್ಷ ಸಾವಿರಾರು ಜನ ಹೋಗಿ ನರಸಿಂಹ ದೇವರ ದರ್ಶನ ಮಾಡಿ ಬರ್ತಾರೆ, ನಾನೂ ಹೋಗಿದ್ದೇನೆ, ಜಾಗ ಇಲ್ಲ ಅನ್ನಿಸಿದ್ರೂ ಹತ್ತಿದ್ದೇನೆ. ಪ್ರತಿ ಸಲವೂ ಸುಖವಾಗಿ ದಡ ಸೇರಿದ್ದೆ ನೋಡಿ, ಹಾಗಾಗಿ ಲೆಕ್ಕದಲ್ಲಿ ಅಪಾಯ ಅನ್ನೋ ಮನೆಯಲ್ಲಿ ಸೊನ್ನೆ ಇತ್ತು. ಅವತ್ತು ಹೋದವರ ಬುದ್ಧಿ ಬೇರೆ ನನ್ನ ಬುದ್ಧಿ ಬೇರೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಇನ್ನು ಮಿದುಳಿನ ಒಳಗೆ. ವುಲ್ಫ್‌ರಾಮ್ ಶುಲ್ಟ್ಸ್ ಅನ್ನೋ ವಿಜ್ಞಾನಿ ಮಂಗಗಳ ಮಿದುಳಲ್ಲಿ ಡೋಪಮೈನ್ ಬಿಡೋ ನರಕೋಶಗಳ ಮಾತನ್ನ ನೇರ ಕೇಳಿಸಿಕೊಂಡವರು. ಮಂಗಕ್ಕೆ ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಿದ್ರೆ ಆ ಕೋಶಗಳು ಜೋರಾಗಿ ಮಿಡಿಯುತ್ತೆ. ದೀಪ ಹತ್ತಿದ್ರೆ ರಸ ಬರುತ್ತೆ ಅಂತ ಕಲಿತ ಮೇಲೆ ದೀಪಕ್ಕೆ ಮಿಡಿಯುತ್ತೆ, ರಸಕ್ಕೆ ಸುಮ್ಮನಿರುತ್ತೆ. ದೀಪ ಹತ್ತಿ ರಸ ಬರದಿದ್ರೆ ಮಿಡಿತ ಕುಸಿಯುತ್ತೆ. ಅಂದ್ರೆ ಡೋಪಮೈನ್ ಖುಷಿಯ ರಾಸಾಯನಿಕ ಅಂತ ವಾಟ್ಸಾಪ್‌ನಲ್ಲಿ ಬರೋದು ಅರೆಬರೆ ಸತ್ಯ, ಅದು ಅಂದುಕೊಂಡದ್ದಕ್ಕೂ ಸಿಕ್ಕಿದ್ದಕ್ಕೂ ಇರೋ ವ್ಯತ್ಯಾಸದ ಲೆಕ್ಕ ಬರೆಯೋ ಗುಮಾಸ್ತ. 2003ರಲ್ಲಿ ಅವರ ತಂಡ ಇನ್ನೊಂದು ನೋಡಿತು, ರಸ ಬರುತ್ತೋ ಇಲ್ವೋ ಅನ್ನೋದು ಸರಿಯಾಗಿ ಅರ್ಧಕ್ಕರ್ಧ ಇದ್ದಾಗ, ದೀಪಕ್ಕೂ ರಸಕ್ಕೂ ನಡುವಿನ ಆ ಕಾಯೋ ಹೊತ್ತಲ್ಲಿ ಕೋಶಗಳ ಮಿಡಿತ ನಿಧಾನಕ್ಕೆ ಏರ್ತಾ ಹೋಗುತ್ತೆ. ಖಾತ್ರಿ ಇದ್ದಾಗ ಹಾಗಾಗಲ್ಲ. ಗೊತ್ತಿಲ್ಲ ಅನ್ನೋದಕ್ಕೇ ಒಂದು ಸೆಳೆತ ಇದೆ. ಪಾರಿವಾಳಗಳ ಮೇಲೆ ಬಿ. ಎಫ್. ಸ್ಕಿನ್ನರ್ ಮೊದಲೇ ಕಂಡಿದ್ದರು, ಎಷ್ಟು ಸಲ ಕುಕ್ಕಿದ್ರೆ ಕಾಳು ಬರುತ್ತೆ ಅಂತ ಗೊತ್ತಾಗದ ಹಾಗೆ ಮಾಡಿದ್ರೆ ಹಕ್ಕಿ ಬಿಡದೇ ಕುಕ್ತಾನೇ ಇರುತ್ತೆ.

ನನ್ನ ಚಿಕ್ಕಪ್ಪನ ಮಗ ಹೀಗೇ ಕುಕ್ತಾ ಇದ್ದ, ಮೊಬೈಲ್‌ನ ಮೇಲೆ, ರಾತ್ರಿ ಎರಡು ಗಂಟೆ ತನಕ. ತಂಗಿ ಮದುವೆಗೆ ತೆಗೆದ ಸಾಲ ಇತ್ತು, ಸಂಬಳ ಬಡ್ಡಿಗೇ ಸಾಲ್ತಿರಲಿಲ್ಲ. ಮೊದಲು ಸ್ವಲ್ಪ ಗೆದ್ದ, ಆಮೇಲೆ ಸೋತ, ಸೋತದ್ದನ್ನ ತೆಗೆಯೋಕೆ ಮತ್ತೆ ಹಾಕಿದ. ಒಂದು ಸಲ ಮನೆಗೆ ಹೋದಾಗ ಅವನ ಪಕ್ಕ ಕೂತು ನೋಡಿದೆ. ಕಾರ್ಡ್ ತಿರುಗೋ ಆ ಒಂದು ಸೆಕೆಂಡ್ ಅವನು ಉಸಿರು ಹಿಡಿದಿರ್ತಾನೆ, ಹೆಬ್ಬೆರಳು ಗಾಜಿನ ಮೇಲೆ ಮುಟ್ಟಿಯೂ ಮುಟ್ಟದ ಹಾಗೆ ನಿಂತಿರುತ್ತೆ, ಬಂದ ಕಾರ್ಡ್ ಒಂದೇ ಅಂಕಿಯಲ್ಲಿ ತಪ್ಪಿದ್ರೆ "ಛೇ ಬಂದೇ ಬಿಡ್ತಿತ್ತು ಅಕ್ಕ" ಅಂತಾನೆ. ಸ್ವಲ್ಪದ್ರಲ್ಲಿ ತಪ್ಪಿದ ಸೋಲು ಮಿದುಳಿನ ಗೆಲುವಿನ ಭಾಗಗಳನ್ನೇ ತಟ್ಟಿ ಎಬ್ಬಿಸುತ್ತೆ ಅಂತ 2009ರ ಸಂಶೋಧನೆ ಇದೆ, ಅವನ ಮುಖದಲ್ಲಿ ನಾನು ಅದನ್ನ ಕಂಡೆ. ತಕ್ಷಣದ ಫಲ, ಅರ್ಧಕ್ಕರ್ಧ ಅನುಮಾನ, ಮೇಲಿಂದ ಸಾಲದ ಗೆರೆ, ಹಕ್ಕಿಗಳಲ್ಲಿ ಬೇರೆ ಬೇರೆಯಾಗಿ ನೋಡಿದ್ದೆಲ್ಲ ಒಂದೇ ಗಾಜಿನ ಮೇಲೆ ಬಂದು ಕೂತಿತ್ತು. ಮನೆಯವರು ಅವನನ್ನ ಬೈದ ಹಾಗೆ ನಾನು ಬೈಯೋಕಾಗ್ಲಿಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಕೊಡೋ, ಡೋಪಮೈನ್ ಹಾಗೆ ಕೆಲಸ ಮಾಡೋ ಕೆಲವು ಮಾತ್ರೆಗಳಿವೆ, ಅವನ್ನ ತಗೊಂಡ ಕೆಲವರಿಗೆ ಜೀವಮಾನದಲ್ಲಿ ಇಲ್ಲದ ಜೂಜಿನ ಚಟ ಹತ್ತುತ್ತೆ, ಡೋಸ್ ಇಳಿಸಿದ್ರೆ ಅಥವಾ ಮಾತ್ರೆ ಬಿಡಿಸಿದ್ರೆ ಎಷ್ಟೋ ಜನರಲ್ಲಿ ಕಡಿಮೆಯಾಗುತ್ತೆ. ಇದನ್ನ ತಿಳಿದವರು ಚಟವನ್ನ ಬರೀ ನಡತೆ ಅಂತ ಕರೆಯೋಕೆ ಎರಡು ಸಲ ಯೋಚನೆ ಮಾಡಬೇಕು.

ಕಾನೂನು ಇಲ್ಲ ಅಂತಲ್ಲ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು, ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕೇಂದ್ರದ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂತು. ಬೇಕಾದ ಕೆಲಸಗಳೇ ಇವು. ಆದ್ರೆ ಕಾರವಾರದಿಂದ ಗೋವಾ ಗಡಿ ಎಷ್ಟು ದೂರ ಅಂತ ಎಲ್ಲರಿಗೂ ಗೊತ್ತು, ಓಸಿ ಚೀಟಿ ಬರೆಯೋರು ಎಲ್ಲಿ ನಿಂತಿರ್ತಾರೆ ಅಂತಾನೂ ಗೊತ್ತು. ಜೂಜಿನ ಜಾಗ ಒಂದು ಮುಚ್ಚಿದ್ರೂ ಹಕ್ಕಿಗೆ ಬೇಕಾದ 12 ಕಾಳು 12 ಆಗೇ ಉಳಿಯುತ್ತೆ. ಚಿಕ್ಕಪ್ಪನ ಮಗನ ವಿಷಯದಲ್ಲಿ ಆಟ ನಿಂತದ್ದು ನಾವು ನಾಲ್ಕು ಜನ ಸೇರಿ ದೊಡ್ಡ ಬಡ್ಡಿಯ ಸಾಲ ತೀರಿಸಿ, ಅವನು ನಮಗೆ ತಿಂಗಳಿಗೆ ಇಷ್ಟು ಅಂತ ಕೊಡೋ ಹಾಗೆ ಮಾಡಿದ ಮೇಲೆ, ಜೊತೆಗೆ ಡಾಕ್ಟರ ಹತ್ರ ಕರ್ಕೊಂಡು ಹೋದ ಮೇಲೆ. ಅದರಲ್ಲಿ ಯಾವುದು ಎಷ್ಟು ಕೆಲಸ ಮಾಡ್ತು ಅಂತ ಬಿಡಿಸಿ ಹೇಳೋಕೆ ಬರಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ ಅಕ್ಕ ಅಂಗಳದ ತುಂಬ ಶೆಟ್ಲಿ, ಅಂದ್ರೆ ಸಿಗಡಿ, ಒಣಗಿಸಿದ್ರು. ಕಾಗೆ ಓಡಿಸೋಕೆ ಹಳೇ ಬಲೆ ಮೇಲೆ ಹೊದಿಸಿ, ದಿನಕ್ಕೆ ಎರಡು ಸಲ ಕೈಯಾಡಿಸಿ, ಸಂಜೆ ಇಬ್ಬನಿ ಬೀಳೋ ಮುಂಚೆ ಒಳಗೆ ತಂದು, ಪೂರ್ತಿ ಗರಿಗರಿ ಆದ ಮೇಲೆ ಎಣ್ಣೆ ಡಬ್ಬಿಗಳಲ್ಲಿ ತುಂಬಿ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದ್ರು. ಮಳೆಗಾಲದಲ್ಲಿ ಹಸಿ ಮೀನು ಸಿಗದಿದ್ದಾಗ ಅದಕ್ಕೆ ಒಳ್ಳೆ ಗಿರಾಕಿ. ಜುಲೈಯಲ್ಲಿ ಮತ್ತೆ ಒಂದು ಸೋಮವಾರ ಆರೆಂಜ್ ಅಲರ್ಟ್ ಇತ್ತು, ಬಸ್ಸಿಗೆ ಹೋಗುವಾಗ ನೋಡಿದ್ರೆ ಪಾತಿ ದೋಣಿ ತೆಂಗಿನ ಮರದ ಬುಡಕ್ಕೆ ಕಟ್ಟಿತ್ತು, ಮೇಲೆ ಟಾರ್ಪಾಲ್. ಅಣ್ಣ ಜಗಲಿಯಲ್ಲಿ ಕಾಲು ಚಾಚಿ ಬಲೆಯ ಹರಕು ಹೊಲೀತಾ ಕೂತಿದ್ರು.

"ಇವತ್ತು ಹೋಗ್ಲಿಲ್ವಾ ಅಣ್ಣ?"

"ಇಲ್ಲ ಅಕ್ಕೋರೆ. ನಿನ್ನೆ ಸಂತೇಲಿ ಇವಳ ಎರಡು ಡಬ್ಬಿ ಶೆಟ್ಲಿ ಖಾಲಿ ಆಯ್ತು. ಕಂತು ಕಟ್ಟಿ ಆಯ್ತಲ್ಲ, ಈ ಮಳೇಲಿ ಎಂತಕೆ ಹೋಗೂದು" ಅಂದು ದಾರವನ್ನ ಹಲ್ಲಲ್ಲಿ ಕಚ್ಚಿ ಹರಿದ್ರು.